ಕೆಂಪು ಗೆರೆಯ ತನಕ ನೀರು

ನನಗೆ ಬೇಗ ಸಿಟ್ಟು ಬರುತ್ತದೆ ಎಂದು ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು. ಕಾರಿನ ಬಾನೆಟ್ ಎತ್ತುವವರೆಗೆ ನಾನು ಸಾಧು ಪ್ರಾಣಿ. ಎತ್ತಿದ ಕೂಡಲೇ ಎಲ್ಲಿಂದಲೋ ನಾಲ್ಕು ಗಂಡಸರು ಬಂದು, ಸೊಂಟದ ಮೇಲೆ ಕೈಯಿಟ್ಟು, ಒಳಗೆ ಇಣುಕಿ, ಹೆಣ ನೋಡಿದವರ ಹಾಗೆ ತಲೆ ಅಲ್ಲಾಡಿಸುತ್ತಾರಲ್ಲ, ಆಗ ಬರುತ್ತದೆ ನೋಡಿ.

ಕಾರು ಹಳೆಯದು, ಒಪ್ಪಿದೆ. ನನ್ನ ಕೈಗೆ ಬರುವಾಗಲೇ ಹಳೆಯದಾಗಿತ್ತು. ನಾನೂ ಡ್ರೈವಿಂಗ್ ಕಲಿಯುವ ಹೊತ್ತಿಗೆ ಹೊಸಬಳೇನೂ ಆಗಿರಲಿಲ್ಲ. ಇಬ್ಬರೂ ಹೊಂದಿಕೊಂಡು ದಿನಾ ಮಸೂತಿ ಎಂಬ ಹಳ್ಳಿಗೆ ಹೋಗಿ, ಅಲ್ಲಿಯ ಶಾಲೆಯ ಮಕ್ಕಳಿಗೆ ವಿಜ್ಞಾನ ಹೇಳಿ, ತಿರುಗಿ ಬರುತ್ತೇವೆ. ಅದು ಬರುವ ಮೊದಲು ನಾನು ಎಲ್ಲಿಗೆ ಹೊರಟರೂ ಬಸ್ಸಿನ ಮರ್ಜಿ ಕಾಯಬೇಕಿತ್ತು, ಇಲ್ಲವೇ ಗಂಡನ ಪುರುಸೊತ್ತು. ಎರಡರಲ್ಲಿ ಬಸ್ಸೇ ವಾಸಿ, ಅದು ಗೊಣಗುತ್ತಿರಲಿಲ್ಲ. ಈ ಕಾರು ಹೋಯಿತೆಂದರೆ ನಾನು ಮತ್ತೆ ಆ ಕಾಯುವ ಕೆಲಸಕ್ಕೆ ವಾಪಸು.

ಚಳಿಗಾಲದ ಒಂದು ರವಿವಾರ ಎಂಜಿನ್ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದೆ. ಒಳಮೈಗೆ ಹಾಲಿನ ಕೆನೆಯಂಥದ್ದು ಮೆತ್ತಿಕೊಂಡಿತ್ತು. ನಮ್ಮವರು ನನ್ನ ಭುಜದ ಮೇಲಿಂದ ಇಣುಕಿದರು.

"ಮುಗೀತು. ಆಯಿಲಿನ್ಯಾಗ ನೀರು ಕೂಡೇತಿ. ಹೆಡ್ ಗ್ಯಾಸ್ಕೆಟ್ ಹೋತು. ಗಿರಾಕಿ ನೋಡ್ತೇನಿ."

ನಮ್ಮವರದು ಬಟ್ಟೆ ಅಂಗಡಿ. ಸುದ್ದಿ ಅಲ್ಲಿಗೆ ಹೋದದ್ದೇ ತಡ, ಸೀರೆ ಕೊಳ್ಳಲು ಬಂದವರೂ ರೋಗ ಹೇಳಿದರು. ಇಂಡಿ ಊರಿನ ಒಬ್ಬ ಬೀಗರು, ಮುದ್ದೇಬಿಹಾಳದ ಒಬ್ಬ ವ್ಯಾಪಾರಿ, ಇಬ್ಬರೂ ಈ ಕಾರನ್ನು ಕಣ್ಣಿಂದ ಕಂಡವರಲ್ಲ, ಫೋನಿನಲ್ಲೇ ಅದಕ್ಕೆ ಗತಿ ಕಾಣಿಸಿದರು. ಮಾರುವ ಮಾತು ಅಂಗಡಿಯಲ್ಲಾಯಿತು, ಫೋನಿನಲ್ಲಾಯಿತು, ಊಟದ ಮನೆಯಲ್ಲಾಯಿತು. ಓಡಿಸುವವಳನ್ನು ಒಬ್ಬರೂ ಕೇಳಲಿಲ್ಲ. ಆ ಸಿಟ್ಟು ಈಗಲೂ ಇಳಿದಿಲ್ಲ.

ಗ್ಯಾಸ್ಕೆಟ್ ಎಂದರೆ ಎಂಜಿನ್ನಿನೊಳಗೆ ನೀರು, ಎಣ್ಣೆ ಒಂದಾಗದಂತೆ ತಡೆಯುವ ತೆಳು ಹಾಳೆ. ಕೆನೆ ಕಂಡ ಮಾತ್ರಕ್ಕೆ ಅದು ಹೋಯಿತೆಂದು ಹೇಳಲಾಗದು. ತಣ್ಣನೆಯ ಮುಂಜಾನೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಕಾಯುವುದಿಲ್ಲ. ಒಳಗಿನ ಹಬೆ ಆರಿ ನೀರಾಗಿ, ಎಣ್ಣೆಯ ಜೊತೆ ಕಡೆದು, ಮುಚ್ಚಳಕ್ಕೆ ಹತ್ತುತ್ತದೆ. ಎಂಜಿನ್ ತಣಿಸುವ ನೀರು, ಅಂದರೆ ಕೂಲಂಟೇ ಒಳಗೆ ಸೋರುತ್ತಿದ್ದರೆ ಬೇರೆ ಗುರುತುಗಳಿರಬೇಕು. ಆಯಿಲ್ ನೋಡುವ ಕಡ್ಡಿಯನ್ನು ಎಳೆದು ನೋಡಿದೆ, ಎಣ್ಣೆ ಕಪ್ಪಗೇ ಇತ್ತು, ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಕೂಲಂಟ್ ಸುಟ್ಟರೆ ಹೊಗೆ ಸಿಹಿ ವಾಸನೆ ಬರುತ್ತದೆ ಎಂದು ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಮೂಸಿದೆ, ಸಿಹಿ ಏನೂ ಹತ್ತಲಿಲ್ಲ. ಎದುರು ಮನೆಯಾಕೆ ನೀರು ತುಂಬುವುದು ಬಿಟ್ಟು, "ಏನರೆ ಕಳಕೊಂಡೀರೇನ್ರಿ ಟೀಚರ್?" ಎಂದಳು. ತಲೆ ಕಳೆದುಕೊಂಡಿದ್ದೇನೆ ಎಂದು ಹೇಳಲಿಲ್ಲ, ಅವಳಿಗೆ ಕಾಣುತ್ತಲೇ ಇತ್ತು.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಸರಳ. ಹೊರಗೆ ಎಲ್ಲೂ ಸೋರದೆ ಕೂಲಂಟ್ ಇಳಿಯುತ್ತಾ ಹೋದರೆ ಅದು ಒಳಗೇ ಹೋಗುತ್ತಿದೆ ಎಂದರ್ಥ. ಕೂಲಂಟಿನ ಪ್ಲಾಸ್ಟಿಕ್ ಡಬ್ಬಿಯ ಮೇಲೆ, ಅದು ಎಲ್ಲಿಗೆ ನಿಂತಿತ್ತೋ ಅಲ್ಲಿಗೆ, ನೇಲ್ ಪಾಲಿಶ್‌ನಿಂದ ಕೆಂಪು ಗೆರೆ ಎಳೆದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದರ ಮೇಲೂ ಅಂಗಡಿಯಲ್ಲಿ ಪಂಚಾಯಿತಿ ಸೇರುತ್ತಿತ್ತು.

ಮಸೂತಿಗೆ ಹೊರಡುವ ಮೊದಲು ದಿನಾ ನೋಡಿದೆ. ಗೆರೆಯಿಂದ ಕೂದಲೆಳೆಯಷ್ಟೂ ಇಳಿಯಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಊಟಕ್ಕೆ ಬಡಿಸುತ್ತಾ ತೀರ್ಪು ಓದಿದೆ: ಗ್ಯಾಸ್ಕೆಟ್ ಗಟ್ಟಿಮುಟ್ಟಾಗಿದೆ, ಕಾರು ಮಾರುವ ಪ್ರಶ್ನೆಯೇ ಇಲ್ಲ. ನಮ್ಮವರು ಇನ್ನೊಂದು ರೊಟ್ಟಿ ಮುರಿದರು. ಗೆದ್ದ ಹುರುಪಿನಲ್ಲಿ ನಾನು ಬಾನೆಟ್ ಎತ್ತುವುದನ್ನೇ ಬಿಟ್ಟೆ.

ಆಮೇಲೆ ಒಂದು ದಿನ ದೇವಣಗಾಂವದ ನಾದಿನಿಯ ಮನೆಗೆ ಮಾವನವರನ್ನು ಕೂರಿಸಿಕೊಂಡು ಹೊರಟೆ. ಮಾವ ಆಲಮಟ್ಟಿ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಅಂಗಳ ಗುಡಿಸಿ, ಕಾರು ಒರೆಸಿ ಇಡುತ್ತಾರೆ. ಸಿಂದಗಿ ಸಮೀಪಿಸುವಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಸರ್ರನೆ ಮೇಲೇರಿತು. ಗಾಬರಿಯಿಂದ ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ. ಡಬ್ಬಿ ತಳ ಕಂಡಿತ್ತು.

ಮಾವ ನೀರಿನ ಬಾಟಲಿ ಹಿಡಿದು ನಿಧಾನವಾಗಿ ಇಳಿದು ಬಂದರು. "ದಿನಾ ನೀರು ಗೆರಿ ಬಿಟ್ಟು ಕೆಳಗ ಇಳೀತೈತವ್ವ, ಈಗೀಗ ಭಾಳ ಇಳಿಯಾಕತ್ತೈತಿ. ದಿನಾ ಮುಂಜಾನೆ ನಾ ಗೆರಿ ಮಟ ತುಂಬಿ ಇಡ್ತೇನಿ. ಇವತ್ತ ಊರಿಗೆ ಹೋಗೂ ಗಡಿಬಿಡ್ಯಾಗ ಬಿಟ್ಟೆ ನೋಡು."

ಬಾಟಲಿ ಕಸಿದುಕೊಂಡು ರಸ್ತೆಗೆ ಎಸೆಯಬೇಕೆನಿಸಿತು. ಹಸಿರು ಕೂಲಂಟ್ ದಿನದಿನಕ್ಕೂ ತೆಳುವಾಗುತ್ತಾ ಬಂದದ್ದು ಹಳದಿಗಟ್ಟಿದ ಡಬ್ಬಿಯಲ್ಲಿ ವಿಜ್ಞಾನದ ಶಿಕ್ಷಕಿಗೆ ಕಂಡಿರಲಿಲ್ಲ ಎಂಬುದಕ್ಕೆ ಇನ್ನಷ್ಟು ಉರಿದುಕೊಂಡೆ.

ಕಾರನ್ನು ಎಳೆಸಿಕೊಂಡು ಸಿಂದಗಿಯ ಗ್ಯಾರೇಜಿಗೆ ಒಯ್ದೆವು. ಎಂಜಿನ್ ಬಿಚ್ಚಿದರು. ಆಯಿಲ್ ಈಗ ಹಾಲು ಹೆಚ್ಚಾದ ಚಹಾದ ಬಣ್ಣಕ್ಕಿತ್ತು. ಗ್ಯಾಸ್ಕೆಟ್ ಹೋಗಿತ್ತು. ಮಾವ ಬೆಂಚಿನ ಮೇಲೆ ಕೂತಿದ್ದರು. ನನಗೆ ತಡೆಯಲಾಗಲಿಲ್ಲ.

"ಮಾವಾರ, ನೀರು ಇಳೀತೈತೋ ಇಲ್ಲೋ ನೋಡಾಕಂತನ ಆ ಗೆರಿ ಎಳದಿದ್ನಿರಿ."

"ಕೆನಾಲಿನ್ಯಾಗ ಗೆರಿ ಇತ್ತಂದ್ರ ಅಲ್ಲಿ ಮಟ ನೀರು ನಿಲ್ಲಸೂದಷ್ಟ ನಮ್ಮ ಡ್ಯೂಟಿ. ಎಲ್ಲಿ ಹೋತು ಅಂತ ಕೇಳಾಕ ಬ್ಯಾರೆ ಸಾಹೇಬ್ರು ಇರತಿದ್ರು." ಆಮೇಲೆ ನೆಲ ನೋಡುತ್ತಾ, "ನೀ ನನಗೊಂದ ಮಾತು ಹೇಳಬೇಕಿತ್ತವ್ವ. ಈ ಮನ್ಯಾಗ ನನಗ ಯಾರೂ ಏನೂ ಹೇಳಂಗಿಲ್ಲ" ಎಂದರು.

ನನ್ನನ್ನು ಯಾರೂ ಕೇಳಲಿಲ್ಲ ಎಂದು ಚಳಿಗಾಲವೆಲ್ಲ ಕುದ್ದವಳು ನಾನು. ದಿನಾ ಬೆಳಗ್ಗೆ ಆ ಕಾರಿಗೆ ಕೈ ಹಚ್ಚುವ ಮನುಷ್ಯನಿಗೆ ಒಂದು ಮಾತು ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಬೆಂಚಿನಲ್ಲಿ ಪಕ್ಕಕ್ಕೆ ಕೂತು, ಗ್ಯಾಸ್ಕೆಟ್ ಎಂದರೇನು, ನೀರು ಎಣ್ಣೆಗೆ ಹೇಗೆ ಸೇರಿತು, ಎಲ್ಲ ಬಿಡಿಸಿ ಹೇಳಿದೆ. ಕೊನೆಗೆ, "ಈಗ ನೀವ ಹೇಳ್ರಿ ಮಾವಾರ. ರಿಪೇರಿ ಮಾಡಸೂಣೋ, ಮಾರೂಣೋ?" ಎಂದೆ.

ಅವರು ಒಂದು ಚಹಾ ಪೂರ್ತಿ ಕುಡಿದು ವಿಚಾರ ಮಾಡಿದರು.

"ಮಾರಿಬಿಡವ್ವ."

ಮೈಯೆಲ್ಲ ಉರಿದುಹೋಯಿತು. ಯಾಕೆಂದು ಕೇಳಿದೆ. ಒಂದೊಂದಾಗಿ ಕಾರಣ ಹೇಳಿದರು. ಒಂದೂ ತಪ್ಪಿರಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಪೂರ್ತಿ ಕೇಳಿಸಿಕೊಂಡು, ಎದ್ದು ಹೋಗಿ, ಹೊಸ ಗ್ಯಾಸ್ಕೆಟ್ ಹಾಕಲು ಮೆಕ್ಯಾನಿಕ್ಕಿಗೆ ಹೇಳಿ ಬಂದೆ.

ಮಾವ ಬೇಸರ ಮಾಡಿಕೊಳ್ಳಲಿಲ್ಲ. "ನನ್ನ ಒಂದ ಮಾತು ಕೇಳಿದೆಲ್ಲವ್ವ, ಸಾಕು" ಎಂದು ನನಗೂ ಒಂದು ಚಹಾ ತರಿಸಿದರು. ನನಗೂ ಇಷ್ಟು ದಿನ ಬೇಕಾಗಿದ್ದದ್ದು ಇಷ್ಟೇ ಏನೋ, ಯಾರಾದರೂ ಒಂದು ಮಾತು ಕೇಳಿದ್ದರೆ ಸಾಕಾಗುತ್ತಿತ್ತೇನೋ ಎಂದು ಚಹಾ ಕುಡಿಯುತ್ತಾ ಯೋಚಿಸಿದೆ. ಇಲ್ಲ. ನನಗೆ ಕಾರೂ ಬೇಕಾಗಿತ್ತು.