ಕಾಣಿಯೂರಿನ ‘ಕ’

ಬೇರೆಯವರು ದೇವರಿಗೆ ಕೈಮುಗಿಯುವಾಗ ನಾನು ನೆಟ್ ಕಾಲ್ ಎಂಬ ಫೋನ್ ಕರೆಗೂ ಸೇರಿಸಿ ಮುಗಿಯುತ್ತೇನೆ. ನಾನು ಕಾಣಿಯೂರಿನಲ್ಲಿ ಟೈಲರ್. ಮಾತು ತೊದಲುತ್ತದೆ, ಅದರಲ್ಲೂ ‘ಕ’ ಬಂದರೆ ಕಥೆ ಮುಗಿಯಿತು. ಅಂಥವನನ್ನು ಇದೇ ಊರಿನಲ್ಲಿ ಹುಟ್ಟಿಸಿದ್ದಾನೆ, ದೇವರಿಗೂ ತಮಾಷೆ ಬೇಕಲ್ಲ. ಅಂಗಡಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತರೆ ಯಾರೂ ಹೆಚ್ಚು ಮಾತಾಡಿಸುವುದಿಲ್ಲ. ಹೆಣ್ಣು ನೋಡಲು ಹೋದಲ್ಲಿ ಹಾಗೆ ಕೂರಲು ಆಗುತ್ತದೆಯೇ? ಒಂದು ಮನೆಯವರು ಅವಲಕ್ಕಿ ಸಜ್ಜಿಗೆ ಕೊಟ್ಟು ಕಳಿಸಿದರು, ಇನ್ನೊಂದು ಮನೆಯವರು ಚಹಾದಲ್ಲೇ ಮುಗಿಸಿದರು.

ಐವರ್ನಾಡಿನ ಸಂಬಂಧ ಬಂದಾಗ, ಮೊದಲು ಫೋನಿನಲ್ಲಿ ಮಾತಾಡಬೇಕು ಎಂದಳಂತೆ ಹುಡುಗಿ. ಅವರ ಮನೆಯಲ್ಲಿ ರೇಂಜ್ ಇರಲಿಲ್ಲ, ಇಂಟರ್ನೆಟ್ ಇತ್ತು. ಹಾಗಾಗಿ ನೆಟ್ ಕಾಲ್. ನಮ್ಮ ಮನೆಮಾತು ತುಳು, ಅವರದು ಅರೆಭಾಷೆ, ನಡುವೆ ಕನ್ನಡ. ಹೆದರಿಕೆಗೆ ನನ್ನ ಕಾಲು ಸುಮ್ಮನೆ ಮೆಷಿನ್ ತುಳಿಯುತ್ತಿತ್ತು.

“ನಿಮ್ಮ ಅಂಗಡಿ ಎಲ್ಲಿ ಉಂಟು?” ಎಂದಳು.

“ಕಾ... ಕಾ...”

“ಸ್ವರ ಕಟ್ ಆಗ್ತಾ ಉಂಟು. ನೆಟ್‌ವರ್ಕ್ ಸರಿ ಇಲ್ವಾ?”

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. “ಹೌದು, ನೆಟ್‌ವರ್ಕ್,” ಎಂದೆ. ಅದು ಮಾತ್ರ ತೊದಲಲಿಲ್ಲ. ಆಮೇಲೆ ದಿನಾ ಮಾತು, ದಿನಾ ಇಬ್ಬರೂ ಸೇರಿ ನೆಟ್‌ವರ್ಕಿಗೆ ಬೈಗುಳ. ಅವಳು ಇಷ್ಟವಾದಷ್ಟೂ ನನಗೆ ಹೆದರಿಕೆ ಹೆಚ್ಚಿತು. ಎದುರು ಕೂತ ದಿನ ಯಾವ ನೆಟ್‌ವರ್ಕನ್ನು ದೂರುವುದು?

ಈ ನೆಟ್ ಕಾಲಿನಲ್ಲಿ ನಿಜವಾಗಿ ಸ್ವರ ಕಟ್ ಆಗುವುದು ಯಾಕೆಂದು ಪಕ್ಕದ ಮೊಬೈಲ್ ಅಂಗಡಿಯ ಬ್ಯಾರಿಯವರನ್ನು ಕೇಳಿದೆ. ಅವರ ತಮ್ಮ ಗಲ್ಫಿನಲ್ಲಿ, ಹಾಗಾಗಿ ದಿನಾ ಅವರಿಗೂ ಇದೇ ಪಾಡು.

“ಅದು ಸ್ವರವನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುದು. ಆಚೆಯ ಫೋನು ಸಾಲಾಗಿ ಜೋಡಿಸಿ ಕೇಳಿಸುದು. ಹಿಂದೆ ಬಿದ್ದ ತುಂಡಿಗೆ ಸ್ವಲ್ಪ ಕಾಯ್ತದೆ ಸಹ. ತೀರಾ ತಡ ಆದ್ರೆ ಬಿಟ್ಟು ಹೋಗ್ತದೆ. ನಿಮ್ಮದೇ ಕೆಲಸ ಮಾರಾಯ್ರೆ, ಕತ್ತರಿಸಿ ಹೊಲಿಯುದು.”

ಹಿಂದೆ ಬಿದ್ದ ತುಂಡಿಗೆ ಯಂತ್ರವೇ ಕಾಯುತ್ತದಂತೆ. ಮನುಷ್ಯರಿಗೆ ಎಂತ ಧಾಡಿ ಎಂದು ನನಗೆ ಸಿಟ್ಟೇ ಬಂತು.

ಅಂತೂ ಐವರ್ನಾಡಿಗೆ ಹೋದೆವು. ಚಾವಡಿಯಲ್ಲಿ ಅವಳ ಸೋದರಮಾವ ಕೇಳಿದ್ದೂ ಅದನ್ನೇ, ಅಂಗಡಿ ಎಲ್ಲಿ ಎಂದು.

“ಕಾ...” ಅಲ್ಲಿಗೇ ನಿಂತಿತು. ನನ್ನ ಅಮ್ಮ ತಲೆ ತಗ್ಗಿಸಿದರು. ಮಾವನವರು ನನ್ನ ಪರವಾಗಿ ಊರು ಹುಡುಕತೊಡಗಿದರು. “ಕಡಬವಾ? ಕಾವುವಾ?”

“ನಿಲ್ಲಿ ಮಾವ,” ಎಂದಳು ಅವಳು, ಚಹಾದ ತಟ್ಟೆ ಹಿಡಿದುಕೊಂಡೇ. “ಬರ್ತದೆ.”

ಎಲ್ಲರೂ ಕಾದರು. ಕಾಣಿಯೂರು ಬಂತು. ನನ್ನ ಕಣ್ಣು ತುಂಬಿತು, ಹೇಳಲು ನಾಚಿಕೆಯಿಲ್ಲ.

ಆಮೇಲೆ ಅಂಗಳದಲ್ಲಿ ಕೇಳಿದೆ, “ಯಾವಾಗ ಗೊತ್ತಾಯ್ತು?”

“ಮೊದಲ ದಿನವೇ. ನಿಮ್ಮ ಸ್ವರ ಮಾತ್ರ ಕಟ್ ಆಗ್ತಿತ್ತು. ಮೆಷಿನಿನ ಶಬ್ದ ಸಲೀಸಾಗಿ ಬರ್ತಿತ್ತು.”

“ಮತ್ತೆ ದಿನಾ ನೆಟ್‌ವರ್ಕಿಗೆ ಬೈದದ್ದು?”

“ಇಲ್ಲದಿದ್ರೆ ನೀವು ಫೋನ್ ಇಟ್ಟುಬಿಡ್ತಿದ್ರಿ ಅಲ್ವಾ?” ಎಂದಳು.