ನೀರು ಬಿಟ್ಟು ಎಲ್ಲವೂ ಇದ್ದ ಗಾಡಿ

ಆಳಂದದ ನಮ್ಮ ಓಣಿಯ ಹಿಂದಿನ ಬಯಲಿನ ಒಣಹುಲ್ಲಿಗೆ ಹತ್ತಿದ ಬೆಂಕಿ ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಖಾಲಾನ ಕಣಕಿ ಬಣವೆಯತ್ತ ಬರುತ್ತಿತ್ತು. ಅವರ ಎಮ್ಮೆಗೆ ಬೇಸಿಗೆಯಿಡೀ ಅದೇ ಮೇವು. ಸರ್ಕಾರವು ಕೆಂಪು ಗಾಡಿಯಲ್ಲಿ ಗಂಟೆ ಬಾರಿಸುತ್ತ ದಯಮಾಡಿಸಿತು. ಟ್ಯಾಂಕು ಮಾತ್ರ ಖಾಲಿ. ಬೆಳಿಗ್ಗೆ ಸಾಹೇಬರೊಬ್ಬರು ಬರುವ ಹಾದಿಯ ಧೂಳಡಗಿಸಲು ಆ ನೀರು ವಿನಿಯೋಗವಾಗಿತ್ತು.

"ಖಾಲಾ, ನಿಮ್ಮ ಬ್ಯಾರಲ್‌ನ್ಯಾಗ ನೀರ ಅದಾವೇನ್ರಿ?" ಎಂದ ಗಾಡಿಯವ.

"ವಾರದ ಮ್ಯಾಲೆ ಇವತ್ತ ನಳ ಬಂದಾವ. ಅವೂ ನಿಮಗ ಬೇಕೇನು?" ಎಂದರು ಖಾಲಾ.

ಕೊನೆಗೆ ಓಣಿಯವರೇ ಕೊಡಗಳಲ್ಲಿ ಹೊತ್ತು ಸುರಿದೆವು. ಮನೆ ಉಳಿಯಿತು, ಬಣವೆ ಉಳಿಯಲಿಲ್ಲ. ಈಗಲೂ ಆ ಗಂಟೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೊರಡುವಾಗ ಗಾಡಿಯವರು ಕುಡಿಯಲು ನೀರು ಕೇಳಿದರು. ಖಾಲಾ ತಂಬಿಗೆ ಚಾಚಿದರು.

"ಕುಡೀರಿ. ನಾಳಿ ಎಮ್ಮಿಗೆ ಏನ ಹಾಕ್ಲಿ, ಅದನ್ನೂ ಹೇಳಿ ಹೋಗ್ರಿ."