ಕುಡಿ ಮುರಿದ ಟೊಮೇಟೊ

ಕಂಪಲಾಪುರದ ಹತ್ತಿರದ ಹಳ್ಳಿಯಲ್ಲಿ ಮುದ್ದಯ್ಯನಿಗೆ ಮೂರು ಎಕರೆ ಇತ್ತು. ಮೂರು ಎಕರೆಯಲ್ಲೂ ಹೊಗೆಸೊಪ್ಪು. ಬಚ್ಚಲ ಗೋಡೆಯವರೆಗೂ ಹೊಗೆಸೊಪ್ಪು. ತರಕಾರಿಗೆ ಗೋಡೆ ಬದಿಯ ಎರಡು ಸಾಲು ಬಿಡು ಎಂದು ಹೆಂಡತಿ ಚಿಕ್ಕಬೀರಮ್ಮ ಮದುವೆಯಾಗಿ ಬಂದಾಗಿನಿಂದ ಕೇಳುತ್ತಲೇ ಇದ್ದಳು. "ಮುಂದಿನ್ ವರ್ಸ ನೋಡವ ಬುಡು" ಎನ್ನುತ್ತಿದ್ದ. ಆ ಮುಂದಿನ ವರ್ಷ ಬರಲೇ ಇಲ್ಲ. ಹಸಿಮೆಣಸಿನಕಾಯಿ ಬೇಕೆಂದರೂ ಅವನನ್ನೇ ಕೇಳಬೇಕು. ಅವನು ಸಂತೆಯಿಂದ ಅರ್ಧ ಕೊಳೆತ ಟೊಮೇಟೊ ತಂದು ಸುರಿದರೆ ಬಾಯಿ ಮುಚ್ಚಿಕೊಂಡು ಬೇಯಿಸಬೇಕು. ಇದೆಂಥ ಬಾಳು!

ತೊಂಬತ್ತಾರರ ಮಳೆಗಾಲದ ಹೊತ್ತಿಗೆ ಅವಳ ಸಹನೆ ಮುಗಿಯಿತು. ಶಾಲೆಗೆ ಬಣ್ಣ ಹೊಡೆದವರು ಎಸೆದು ಹೋಗಿದ್ದ ಡಬ್ಬಗಳನ್ನು ಹೊತ್ತು ತಂದು ಉಜ್ಜಿ ತೊಳೆದಳು. ನೀರು ನಿಂತರೆ ಬೇರು ಕೊಳೆಯುತ್ತದೆಂದು ಮೊಳೆ ಹೊಡೆದು ತಳಕ್ಕೆ ತೂತು ಮಾಡಿದಳು. ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಬಿಸಿಲು ಬೀಳುವ ಕಡೆ ಇಟ್ಟು ಟೊಮೇಟೊ ಸಸಿ ನೆಟ್ಟಳು. ಎಲೆ ನೆನೆಯದಂತೆ ಬುಡಕ್ಕಷ್ಟೇ ನೀರು. ಬಾಗಿದ ಗಿಡಕ್ಕೆ ಕಡ್ಡಿ ಕೊಟ್ಟು ಹಳೇ ಸೀರೆಯ ಅಂಚಿನಿಂದ ಕಟ್ಟಿದಳು. ಗಿಡಗಳು ಮೈದುಂಬಿ ನಿಂತವು. ಹಳದಿ ಹೂ ಕಂಡ ದಿನ ಹಿಗ್ಗಿಹೋದಳು. ಯಾರನ್ನೂ ಕೇಳದೆ ಒಂದು ಸಾರು ಮಾಡುವುದಿತ್ತಲ್ಲ, ಅದಕ್ಕೆ.

ಅದು ಹೊಗೆಸೊಪ್ಪಿನ ಹೂ ಮುರಿಯುವ ಕಾಲ. ಹೂ ತೆಗೆದರೆ ಎಲೆ ದಪ್ಪವಾಗುತ್ತದೆಂದು ಊರಿಗೆ ಊರೇ ಗಿಡದ ನೆತ್ತಿ ಮುರಿಯುತ್ತದೆ. ಒಂದು ಸಂಜೆ ಹೆಂಡತಿ ನೀರಿಗೆ ಹೋಗಿದ್ದಾಗ, ಹೊಲದ ಕೆಲಸ ಮುಗಿಸಿ ಬಂದ ಮುದ್ದಯ್ಯ ಡಬ್ಬಗಳ ಮುಂದೆ ನಿಂತ. ದಿನವಿಡೀ ನೆತ್ತಿ ಮುರಿದಿದ್ದ ಕೈ ಸುಮ್ಮನಿರಲಿಲ್ಲ. ಹೂವಿದ್ದ ಕುಡಿಗಳನ್ನೆಲ್ಲ, ಪಕ್ಕದ ಚಿಗುರನ್ನೂ ಬಿಡದೆ, ಚಟಚಟನೆ ಮುರಿದು ಹಾಕಿದ.

ಕೊಡ ಇಳಿಸಿದ ಚಿಕ್ಕಬೀರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಯಾಕ್ ಮುರ್ದೆ?"

"ಎಲೆ ದಪ್ಪ ಆಯ್ತದೆ ಕಣಮ್ಮಿ. ಒಳ್ಳೇದಕ್ಕೇ ಮಾಡಿವ್ನಿ."

"ಟಮಾಟೆ ಗಿಡದಲ್ಲಿ ಎಲೆ ತಿಂದಾರ?"

ಮಾಡಿದ ಕೆಲಸ ಅವನಿಗೆ ಹೊಳೆದದ್ದೇ ಆಗ. ತಪ್ಪಾಯಿತು ಅನ್ನಬಹುದಿತ್ತು. ಅನ್ನಲಿಲ್ಲ ಆಸಾಮಿ, ನಕ್ಕುಬಿಟ್ಟ. "ಅದಕ್ಯಾಕ್ ಇಂಗಾಡೀಯೆ? ಸಂತೇಲಿ ಒಂದ್ ಮಂಕ್ರಿ ಟಮಾಟೆ ತಂದಾಕ್ತೀನಿ ಬುಡು" ಎಂದ.

ಮುರಿದ ಕುಡಿಗಿಂತ ಆ ಮಾತೇ ಅವಳಿಗೆ ಹೆಚ್ಚು ಚುಚ್ಚಿತು. ಮತ್ತೆ ಅವನೇ ತರಬೇಕು, ಮತ್ತೆ ಇವಳು ಅವನ ಮುಖ ನೋಡಬೇಕು. ನೆಲದ ಮೇಲೆ ಬಿದ್ದಿದ್ದ ಕುಡಿಗಳನ್ನೆಲ್ಲ ಮಡಿಲಿಗೆ ಆಯ್ದುಕೊಂಡಳು.

ರಾತ್ರಿ ಊಟಕ್ಕೆ ಮುದ್ದೆ ಬಡಿಸಿದಳು. ಸಾರಿನ ಬಟ್ಟಲಲ್ಲಿ ಸಾರಿನ ಬದಲು ಹೂ ಸಮೇತ ಆ ಕುಡಿಗಳೇ ಇದ್ದವು.

"ಇದೇನಮ್ಮಿ?"

"ನೀನೇ ಮುರ್ದಿದ್ದು, ನೆಂಚ್ಕ. ಸಂತೆದು ಇನ್ ನಾನ್ ಬೇಯ್ಸಾಕಿಲ್ಲ. ಗೋಡೆ ಬದಿ ಎರಡ್ ಸಾಲು ಕೊಡೋಗಂಟ ಈ ಮನೇಲಿ ಸಾರಿಲ್ಲ."

ಮುದ್ದಯ್ಯ ಕೂಗಾಡಿದ, ತಟ್ಟೆ ನೂಕಿದ. ಬೆಳಿಗ್ಗೆಯೂ ಬರಿ ಮುದ್ದೆ, ಅದೇ ಬಟ್ಟಲು. ಮಧ್ಯಾಹ್ನವೂ ಅದೇ. ಗೊಣಗುತ್ತ ಎದ್ದು ಹೋಗಿ ಗೋಡೆ ಬದಿಯ ಹೊಗೆಸೊಪ್ಪಿನ ಗಿಡಗಳನ್ನು ಕಿತ್ತು ಬದುವಿಗೆ ಎಸೆಯತೊಡಗಿದ. ಎದೆಮಟ್ಟ ಬೆಳೆದ ಗಿಡಗಳು, ಅವನ ಹೊಟ್ಟೆ ಉರಿಯಿತು. ಒಂದು ಸಾಲು ಮುಗಿಸಿ ತಿರುಗಿ ನೋಡಿದ.

"ಸಾಕೇನಮ್ಮಿ?"

ಚಿಕ್ಕಬೀರಮ್ಮ ಬಾಗಿಲಲ್ಲೇ ನಿಂತಿದ್ದಳು. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

"ಇನ್ನೊಂದ್ ಸಾಲು ಕೀಳು" ಎಂದಳು.